ವಾಲಿದ್ದು ಗೋಪುರವಲ್ಲ, ಕ್ಯಾಮೆರಾ

ಎತ್ತರದ ಗೋಪುರದ ಫೋಟೋ ತೆಗೆದಾಗ ಅದು ಹಿಂದಕ್ಕೆ ವಾಲಿಕೊಂಡಂತೆ ಕಂಡರೆ ‘ಲೆನ್ಸ್ ಸರಿಯಿಲ್ಲ’ ಎಂದುಬಿಡುವವರೇ ಹೆಚ್ಚು. ಪಾಪ, ಲೆನ್ಸಿನ ತಪ್ಪೇನೂ ಇಲ್ಲ. ತುದಿ ಕಾಣಲೆಂದು ನಾವು ಕ್ಯಾಮೆರಾವನ್ನೇ ಮೇಲಕ್ಕೆತ್ತಿ ಓರೆ ಮಾಡಿರುತ್ತೇವೆ. ಟಾರ್ಚನ್ನು ಗೋಡೆಗೆ ನೇರ ಹಿಡಿದರೆ ದುಂಡಗಿರುವ ಬೆಳಕು, ಓರೆ ಹಿಡಿದರೆ ಮೊಟ್ಟೆಯ ಆಕಾರಕ್ಕೆ ಎಳೆದುಕೊಳ್ಳುತ್ತದಲ್ಲ, ಇಲ್ಲಿ ಆಗುವುದೂ ಅದೇ. ಚಿತ್ರ ಬೀಳುವ ಪ್ಲೇಟು ಗೋಡೆಗೆ ಸಮಾನಾಂತರವಾಗಿದ್ದರೆ ಮಾತ್ರ ನೆಟ್ಟಗಿನ ಗೆರೆ ನೆಟ್ಟಗೆ ಬೀಳುತ್ತದೆ.

ಇದಕ್ಕೊಂದು ಸೊಗಸಾದ ಉಪಾಯ ಹೂಡಿದವರು ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಡರ್ಸನ್. ವೃತ್ತಿಯಲ್ಲಿ ಮರ, ಕಲ್ಲು ಕೆತ್ತುವವರು. ಹುಚ್ಚು ಮಾತ್ರ ಹಳೆಯ ಕಟ್ಟಡಗಳ ಫೋಟೋ ತೆಗೆಯುವುದು. ಆ ಊರಿನ ಕಿಂಗ್ಸ್ ಕಾಲೇಜ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದ ಒಳಚಾವಣಿಯೇ ಸುಮಾರು 24 ಮೀಟರ್ ಎತ್ತರದಲ್ಲಿದೆ. ಅವರು 1895ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಲೆನ್ಸಿನ ಹಲಗೆಯ ಎರಡೂ ಬದಿಗೆ ಉದ್ದುದ್ದ ಸೀಳಿರುವ ಹಿತ್ತಾಳೆ ಪಟ್ಟಿಗಳಿವೆ. ತಿರುಪು ಸಡಿಲಿಸಿದರೆ ಹಲಗೆ ಮೇಲೆ ಕೆಳಗೆ ಸರಿಯುತ್ತದೆ, ಬೇಕಾದ ಕೋನಕ್ಕೆ ಬಾಗುತ್ತದೆ. ಬಿಗಿದರೆ ಅಲ್ಲೇ ನಿಲ್ಲುತ್ತದೆ. ಹಿಂದಿನ ಪ್ಲೇಟು ಅಲುಗುವುದೇ ಇಲ್ಲ.

ಕರಿಬಟ್ಟೆ ಹೊದ್ದು, ಹಿಂದೆ ಪ್ಲೇಟಿನ ಜಾಗದಲ್ಲಿ ಚಿತ್ರ ನೋಡಲೆಂದೇ ಇರುವ ಉಜ್ಜುಗಾಜನ್ನು ನೋಡಿ. ಗೋಪುರ ತಲೆಕೆಳಗಾಗಿ ಕಾಣುತ್ತದೆ, ಅದರ ತುದಿ ಗಾಜಿನ ಕೆಳ ಅಂಚಿನಾಚೆ ತಪ್ಪಿಹೋಗಿರುತ್ತದೆ. ಲೆನ್ಸಿನ ಹಲಗೆಯನ್ನು ಮೆಲ್ಲಗೆ ಮೇಲೆ ದೂಡಿದರೆ ಇಡೀ ಚಿತ್ರ ಅದರ ಜೊತೆಗೇ ಮೇಲೆ ಸರಿದು ಆ ತುದಿ ಗಾಜಿನೊಳಕ್ಕೆ ಬರುತ್ತದೆ! ಲೆಕ್ಕವೂ ಸುಲಭ. ಲೆನ್ಸಿನ ನಾಭಿದೂರ 125 ಮಿ.ಮೀ., ಗೋಡೆ 25 ಮೀಟರ್ ದೂರ ಎಂದುಕೊಳ್ಳಿ. ಲೆನ್ಸನ್ನು 1 ಸೆಂ.ಮೀ. ಏರಿಸಿದರೆ ಗೋಡೆಯ 2 ಮೀಟರ್ ಹೆಚ್ಚು ಸಿಗುತ್ತದೆ. ಇದು ಸಾಧ್ಯವಾಗುವುದು ಲೆನ್ಸ್ ಚೆಲ್ಲುವ ಚಿತ್ರದ ವೃತ್ತ ಪ್ಲೇಟಿಗಿಂತ ದೊಡ್ಡದಿದ್ದಾಗ ಮಾತ್ರ. ಅತಿಯಾಗಿ ಏರಿಸಿದರೆ ಮೂಲೆಗಳು ಕಪ್ಪಾಗುತ್ತವೆ.

ಈ ಕ್ಯಾಮೆರಾಗಳನ್ನು ಮಾರಿದ್ದು ಲಂಡನ್ನಿನ ಹೌಟನ್ ಕಂಪನಿ. ಇಂಡಿಯಾದಂಥ ಸೆಕೆಯ ನಾಡುಗಳಿಗೆಂದೇ ‘ಟ್ರಾಪಿಕಲ್’ ಮಾದರಿಯೂ ಇತ್ತು: ತೇಗದ ಮೈ, ಹಿತ್ತಾಳೆಯ ಕಟ್ಟು. ನಮ್ಮ ಮಳೆಗಾಲದ ತೇವಕ್ಕೆ ಬರೀ ಅಂಟು ನೆಚ್ಚಿದ ಪೆಟ್ಟಿಗೆ ಬಾಯಿಬಿಡುತ್ತದೆ, ಹೊದಿಸಿದ ತೊಗಲಿಗೆ ಬೂಷ್ಟು ಹಿಡಿಯುತ್ತದೆ. ಮಡಿಸಿಟ್ಟರೆ ಇಷ್ಟೆಲ್ಲ ಒಂದು ಪುಟ್ಟ ಪೆಟ್ಟಿಗೆ. ಹಳೆಯದೆಲ್ಲ ಒರಟು ಎನ್ನುವವರು ಇದನ್ನೊಮ್ಮೆ ಬಿಚ್ಚಿ ನೋಡಬೇಕು.

1960ರ ದಶಕದಲ್ಲಿ ನಿಕಾನ್ ಇದೇ ತತ್ವವನ್ನು 35 ಮಿ.ಮೀ. ಲೆನ್ಸಿಗೆ ತಂದಿತು, 11 ಮಿ.ಮೀ. ಸರಿಯುವ ಸೌಕರ್ಯ. ಇಂದಿನ ಫೋನು ವಾಲಿದ ಗೆರೆಗಳನ್ನು ಆಮೇಲೆ ಎಳೆದು ನೆಟ್ಟಗೆ ಮಾಡುತ್ತದೆ. ಆದರೆ ಎಳೆದಲ್ಲೆಲ್ಲ ಗೋಪುರದ ಮೇಲ್ಭಾಗದ ಕೆತ್ತನೆಯ ನಯ ತೆಳುವಾಗುತ್ತದೆ. ಅದಕ್ಕಿಂತ ಹಿಂದೆ ಸರಿದು ನಿಂತು, ಫೋನನ್ನು ಒಂಚೂರೂ ವಾಲಿಸದೆ ತೆಗೆದು, ಕೆಳಗಿನ ಖಾಲಿ ನೆಲವನ್ನು ಕತ್ತರಿಸಿ. ಜ್ಯಾಮಿತಿಯ ಲೆಕ್ಕದಲ್ಲಿ ಅದು ಲೆನ್ಸ್ ಏರಿಸಿದ್ದಕ್ಕೇ ಸಮ. ಸ್ಯಾಂಡರ್ಸನ್‌ರ ಕ್ಯಾಮೆರಾದಲ್ಲಾದರೆ ಪ್ಲೇಟಿನ ಒಂದಂಗುಲವೂ ಹಾಗೆ ಖಾಲಿ ನೆಲಕ್ಕೆ ಹೋಗುತ್ತಿರಲಿಲ್ಲ.