ಹೊಂಗೆ ಮರದ ಕೆಳಗಿನ ಫಿಯೆಟ್

ಅಪ್ಪನ ಹಳೇ ಫಿಯೆಟ್ ಕಾರು, ಅಂದರೆ ಪ್ರೀಮಿಯರ್ ಪದ್ಮಿನಿ, ನಮ್ಮ ಬಸವನಗುಡಿ ಮನೆಯ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ, ಹನ್ನೊಂದು ವರ್ಷ ನಿಂತಿತ್ತು. ಮೇಲೆ ನೀಲಿ ಟಾರ್ಪಾಲು. ಮಳೆಗೆ ನೆನೆಯಬಾರದು ಅಂತ ನಾವೇ ಹೊದಿಸಿದ್ದು. ಕಳೆದ ವರ್ಷ ಅದನ್ನು ತೆಗೆದಾಗ ಬಣ್ಣ ಅಷ್ಟೇನೂ ಕೆಟ್ಟಿರಲಿಲ್ಲ. ಬಾನೆಟ್ ಮೇಲೆ ಕೈಯಾಡಿಸಿದರೆ ನುಣುಪಾಗೇ ಇತ್ತು. ಎಡಗಡೆ ಬಾಗಿಲಿನ ಕೆಳಗೆ ಮಾತ್ರ ಸಾಸಿವೆ ಕಾಳಿನಷ್ಟು ದಪ್ಪದ ನಾಲ್ಕೈದು ಗುಳ್ಳೆ ಎದ್ದಿದ್ದವು.

ವಿಲ್ಸನ್ ಗಾರ್ಡನ್‌ನಿಂದ ಟಿಂಕರಿಂಗ್ ಮಾಡುವ ಭಾಯ್ ಒಬ್ಬರನ್ನು ಕರೆತಂದೆ. ಅವರು ಜೇಬಿನಿಂದ ಹಳೇ ಸ್ಪೀಕರಿನ ಅಯಸ್ಕಾಂತದ ಚೂರೊಂದನ್ನು ತೆಗೆದು, ಬಟ್ಟೆ ಸುತ್ತಿ, ಬಾಗಿಲ ಮೇಲಿಂದ ಕೆಳಕ್ಕೆ ಜಾರಿಸುತ್ತ ಬಂದರು. ಹಿಡಿಯ ಹತ್ತಿರ ಟಪ್ ಅಂತ ಅಂಟಿತು. ನಡುವೆಯೂ ಅಂಟಿತು. ಗುಳ್ಳೆಗಳ ಹತ್ತಿರ ಬಂದಾಗ ಕಳಚಿ ನೆಲಕ್ಕೆ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಬರೀ ಪುಟ್ಟಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು. ಒಳಗಿಂದ ಒಂದು ಬೊಗಸೆ ಕೆಂಪು ಪುಡಿ ಸುರಿಯಿತು.

"ಸಾರ್, ಇದು ಹೊರಗಿಂದ ಬಂದಿದ್ದಲ್ಲ. ಒಳಗಿಂದ ತಿಂದ್ಕೊಂಡು ಬಂದಿದೆ" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಳೆ ಬೀಳೋದು ಹೊರಗೆ, ಗಾಳಿ ಬಡಿಯೋದು ಹೊರಗೆ. ತುಕ್ಕು ಮಾತ್ರ ಒಳಗೆ ಯಾಕೆ ಶುರುವಾಯಿತು? ಮುಂದಿನ ಎಂಟು ತಿಂಗಳು ಆ ಕಾರಿನ ಜೊತೆ ಕಳೆದಿದ್ದರಲ್ಲಿ ಅರ್ಧ ಕಾಲ ಈ ಪ್ರಶ್ನೆಗೇ ಹೋಯಿತು.

ಮೊದಲು ಆ ಪುಡಿಯ ವಿಷಯ. ಅದನ್ನು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಹೊಂಗೆ ಬುಡದ ಕೆಂಪು ಮಣ್ಣು ಹಿಡಿದು ನೋಡಿದೆ. ಬಣ್ಣ ಹೆಚ್ಚುಕಡಿಮೆ ಒಂದೇ. ಕಾರಣವೂ ಒಂದೇ. ಬೆಂಗಳೂರಿನ ಮಣ್ಣಿಗೆ ಕೆಂಪು ಕೊಟ್ಟಿರೋದು ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ಆಕ್ಸೈಡ್‌ಗಳು. ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಅದಿರೂ ಅದೇ ಕುಟುಂಬದ್ದು. ಕಾರ್ಖಾನೆಯಲ್ಲಿ ಆ ಅದಿರನ್ನು ಕೋಕ್, ಅಂದರೆ ಹದವಾಗಿ ಸುಟ್ಟ ಕಲ್ಲಿದ್ದಲಿನ ಜೊತೆ ಕಾಯಿಸಿ, ಆಮ್ಲಜನಕವನ್ನು ಬಲವಂತವಾಗಿ ಬಿಡಿಸಿ, ಕಬ್ಬಿಣ ತೆಗೆಯುತ್ತಾರೆ. ಅಷ್ಟು ಶಾಖ ಸುರಿದು ಬೇರ್ಪಡಿಸಿದ ಕಬ್ಬಿಣ, ನೀರು ಮತ್ತು ಗಾಳಿ ಸಿಕ್ಕ ಕೂಡಲೇ ಮತ್ತೆ ಅದಿರಿನ ಕಡೆಗೆ ನಡೆಯುತ್ತದೆ. ತುಕ್ಕು ಅಂದರೆ ನೀರನ್ನೂ ಸೇರಿಸಿಕೊಂಡ ಕಬ್ಬಿಣದ ಆಕ್ಸೈಡ್.

ಇನ್ನು ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಒಂದು ಹನಿ ನೀರಿನಲ್ಲಿದೆ. ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಅದನ್ನು ತೋರಿಸಿದರು. ಹೊಳೆಯುವಂತೆ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪು ನೀರು. ಆ ನೀರಿಗೆ ಎರಡು ರಾಸಾಯನಿಕ ಬೆರೆಸಿರುತ್ತಾರೆ. ಕಬ್ಬಿಣ ಕರಗುವ ಕಡೆ ಒಂದು ನೀಲಿಯಾಗುತ್ತದೆ, ಕ್ಷಾರ ಹುಟ್ಟುವ ಕಡೆ ಇನ್ನೊಂದು ಗುಲಾಬಿಯಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹನಿಯ ಅಂಚೆಲ್ಲ ಗುಲಾಬಿ, ನಡುಭಾಗ ನೀಲಿ. ಇವೆರಡರ ಮಧ್ಯೆ ಕಂದು ಬಣ್ಣದ ಬಳೆ. ಆ ಬಳೆಯೇ ತುಕ್ಕು.

ಅಂಚಿನಲ್ಲಿ ನೀರಿನ ಪದರ ತೆಳು. ಗಾಳಿಯ ಆಮ್ಲಜನಕ ಅಲ್ಲಿ ಸಲೀಸಾಗಿ ಇಳಿಯುತ್ತದೆ. ನಡುವೆ ನೀರು ದಪ್ಪ. ಅಲ್ಲಿ ಖರ್ಚಾದ ಆಮ್ಲಜನಕ ಬೇಗ ತುಂಬಿಕೊಳ್ಳುವುದಿಲ್ಲ. ಅಂಚಿನ ಆಮ್ಲಜನಕಕ್ಕೆ ಎಲೆಕ್ಟ್ರಾನ್‌ಗಳು ಬೇಕು. ಅವನ್ನು ಕೊಡೋದು ನಡುಭಾಗದ ಕಬ್ಬಿಣ. ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಅಂಚಿಗೆ ಹೋಗುತ್ತವೆ, ಕಬ್ಬಿಣ ಮಾತ್ರ ನಡುವೆ ನೀರಿಗೆ ಕರಗುತ್ತದೆ. ಒಂದು ಹನಿಯೊಳಗೆ ಪೂರ್ತಿ ಒಂದು ಬ್ಯಾಟರಿ! ಗಾಳಿ ಜಾಸ್ತಿ ಸಿಗುವ ಜಾಗ ಉಳಿಯುತ್ತದೆ, ಕಡಿಮೆ ಸಿಗುವ ಜಾಗ ತೂತಾಗುತ್ತದೆ. ನಾವು ಅಂದುಕೊಂಡಿದ್ದಕ್ಕೆ ಪೂರಾ ಉಲ್ಟಾ ಅಲ್ವಾ?

ಬಣ್ಣ ಬದಲಾಗೋದು ಕಾಣದಿದ್ದರೂ ಪರವಾಗಿಲ್ಲ ಅಂದರೆ ಮನೆಯಲ್ಲೂ ಮಾಡಬಹುದು. ಹಳೇ ಎಣ್ಣೆ ಡಬ್ಬದ ತಗಡು ಬೇಡ, ಅದರ ಮೇಲೆ ತವರದ ಲೇಪ ಇರುತ್ತೆ. ಸಾದಾ ಕಬ್ಬಿಣದ ಚೂರನ್ನು ಎಮರಿ ಪೇಪರಿನಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ಮೇಲೆ ಒಂದು ಹನಿ ಉಪ್ಪು ನೀರು ಬಿಡಿ. ಕೆಲವು ಗಂಟೆಗಳಲ್ಲಿ ಬಳೆ ಮೂಡುತ್ತದೆ. ನನ್ನ ಮಗಳು ಅದನ್ನು ನೋಡುತ್ತ ಊಟಕ್ಕೇ ಏಳಲಿಲ್ಲ.

ಈಗ ಇದನ್ನು ಕಾರಿನ ಮೇಲೆ ಇಟ್ಟು ನೋಡಿ. ಬಾನೆಟ್ ಮೇಲೆ ಬಿದ್ದ ನೀರು ಜಾರಿ ಹೋಗುತ್ತದೆ, ಒಣಗುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತ ಸಂದಿನಲ್ಲಿ ನೀರು ನಿಲ್ಲುತ್ತದೆ, ಗಾಳಿ ನುಗ್ಗುವುದಿಲ್ಲ. ಬಾಗಿಲಿನ ರಬ್ಬರ್ ಬೀಡಿಂಗ್ ಕೆಳಗೂ ಅದೇ ಕತೆ. ಮಡ್‌ಗಾರ್ಡ್ ಒಳಗೆ ಮೆತ್ತಿದ ಕೆಸರಿನ ಕೆಳಗೂ ಅದೇ. ನಮ್ಮ ಗಾಡಿಯಲ್ಲಿ ಇನ್ನೊಂದು ಜಾಗ ಇತ್ತು. ವೈಪರ್‌ಗಳ ಹತ್ತಿರ, ಗಾಳಿ ಒಳಗೆ ಬರಲು ಬಿಟ್ಟ ಸೀಳುಗಳ ಕೆಳಗೆ. ಟಾರ್ಪಾಲಿನ ಹರಿದ ಮೂಲೆಯಿಂದ ಹನ್ನೊಂದು ವರ್ಷದ ಹೊಂಗೆ ಎಲೆ, ಹೂವು ಅಲ್ಲಿ ಬಿದ್ದು ಕೊಳೆತು ಗೊಬ್ಬರವಾಗಿತ್ತು. ಬೆರಳು ಹಾಕಿದರೆ ಬೇಸಿಗೆಯಲ್ಲೂ ಒದ್ದೆ. ಅದರ ಕೆಳಗಿನ ತಗಡು ಜರಡಿಯಾಗಿತ್ತು.

ಪುಟ್ಟಿಯ ಕತೆಯೂ ಹೀಗೇ. ಹದಿನೈದು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ಬಾಗಿಲಿನ ತುಕ್ಕನ್ನು ಮೇಲೆಮೇಲೆ ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಟ್ಟಿದ್ದರು. ನೋಡಲು ಹೊಸದರ ಹಾಗೇ ಇತ್ತು. ಆದರೆ ಒಳಮೈಯಿಂದ ಒದ್ದೆ ಬರುತ್ತಲೇ ಇತ್ತು, ಪುಟ್ಟಿಯೂ ತೇವ ಹೀರುತ್ತದೆ. ಹೊಸ ಬಣ್ಣದ ಮರೆಯಲ್ಲಿ ಬ್ಯಾಟರಿ ಕೆಲಸ ಮಾಡುತ್ತಲೇ ಹೋಯಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಅದಕ್ಕೇ ಆ ಗುಳ್ಳೆಗಳು ಎದ್ದಿದ್ದು. ಹಳೇ ಮನೆಗಳ ಸಜ್ಜಾದ ಕೆಳಗೆ ಕಾಂಕ್ರೀಟ್ ಉದುರಿ ಕಂಬಿ ಕಾಣೋದನ್ನು ನೋಡಿರುತ್ತೀರಿ. ಒಳಗಿನ ಕಂಬಿ ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನು ಸೀಳಿದ್ದು ಅದು.

ಟಾರ್ಪಾಲು ಹೊದಿಸಿದ್ದು ತಪ್ಪೇ? ಹೌದು, ಅದು ನಮ್ಮ ದೊಡ್ಡ ತಪ್ಪು. ಕಬ್ಬಿಣ ತುಕ್ಕು ಹಿಡಿಯಲು ಮಳೆಯೇ ಬೀಳಬೇಕಿಲ್ಲ. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಲೋಹದ ಮೇಲೆ ಕೂರುತ್ತದೆ. ಅಷ್ಟು ಸಾಕು. ಟಾರ್ಪಾಲಿನ ಒಳಗೆ ಮಣ್ಣಿನ ಹಬೆ ಏರುತ್ತದೆ. ರಾತ್ರಿ ತಗಡು ಬೇಗ ತಣ್ಣಗಾಗಿ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಕಟ್ಟುವ ಹಾಗೆ ಹನಿ ಕಟ್ಟುತ್ತದೆ. ಹಗಲು ಆ ನೀರು ಹೊರಗೆ ಹೋಗಲು ದಾರಿ ಇಲ್ಲ. ನಾಲ್ಕು ಕಂಬ ನೆಟ್ಟು ಮೇಲೆ ಒಂದು ಶೀಟು ಹಾಕಿ, ಸುತ್ತ ಗಾಳಿಯಾಡಲು ಬಿಟ್ಟಿದ್ದರೆ ಸಾವಿರ ಪಾಲು ಚೆನ್ನಾಗಿತ್ತು.

ಆದರೂ ಇದು ಬೆಂಗಳೂರು ಅನ್ನೋದು ನಮ್ಮ ಪುಣ್ಯ. ಸಮುದ್ರದಿಂದ ದೂರ, ಸುಮಾರು 920 ಮೀಟರ್ ಎತ್ತರ. ಇದೇ ಕಾರು ಮಂಗಳೂರಿನಲ್ಲಿ ನಿಂತಿದ್ದರೆ ಕಡಲ ಗಾಳಿಯ ಉಪ್ಪು ಸೇರುತ್ತಿತ್ತು. ಉಪ್ಪು ಇದ್ದರೆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹಳೇ ಕಾರು ಕೊಳ್ಳುವವರು "ಕರಾವಳಿ ಗಾಡಿನಾ, ಘಟ್ಟದ ಮೇಲಿನದಾ?" ಅಂತ ಕೇಳೋದು ಸುಮ್ನೆ ಅಲ್ಲ.

ಕೆಲಸ ಶುರುವಾಗಿದ್ದು ಕತ್ತರಿಸುವುದರಿಂದ. ಪದ್ಮಿನಿಗೆ ಲಾರಿಗಿರುವಂಥ ಬೇರೆ ಚಾಸಿ ಇಲ್ಲ. ಮೈಯೇ ಅದರ ಎಲುಬು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಡಬ್ಬದಂಥ ಭಾಗ ಭಾರ ಹೊರುತ್ತದೆ. ಅದು ಕೊಳೆತರೆ ಗಾಡಿ ನಡುವೆ ಜೋಲುತ್ತದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ನಮ್ಮದರ ಎಡಗಡೆಯ ಡಬ್ಬ ಪೂರ್ತಿ ಹೋಗಿತ್ತು. ಭಾಯ್ ಮೊದಲು ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಮಟ್ಟವಾಗಿ ಕೂರಿಸಿದರು. ಬಾಗಿಲುಗಳನ್ನು ಬಿಚ್ಚಲಿಲ್ಲ. ಬಾಗಿಲಿನ ಸುತ್ತ ಸಂದು ಒಂದೇ ಸಮ ಇದ್ದರೆ ಮೈ ತಿರುಚಿಲ್ಲ ಅಂತ ಗೊತ್ತಾಗುತ್ತೆ, ಅದೇ ಅವರ ಅಳತೆಗೋಲು. ಹೊಳೆಯುವ ಲೋಹ ಸಿಗುವ ತನಕ ಕತ್ತರಿಸಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡನ್ನು ಬಡಿದು ಬಗ್ಗಿಸಿ ಹೊಂದಿಸಿದರು. ವೆಲ್ಡಿಂಗನ್ನು ಉದ್ದಕ್ಕೆ ಒಂದೇ ಸಲ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಟ್ಟರು. ಒಂದು ಮೀಟರ್ ಉದ್ದದ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಉದ್ದವಾಗುತ್ತದೆ. ಒಂದೇ ಕಡೆ ಕಾದ ತೆಳು ತಗಡು ಅಲೆಅಲೆಯಾಗಿಬಿಡುತ್ತದೆ. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು.

ಬಾಗಿಲಿನ ಹಿಂಜ್, ಬ್ರಾಕೆಟ್, ಕೊಕ್ಕೆಗಳಂಥ ಸಣ್ಣ ಸಾಮಾನು ನನ್ನ ಪಾಲಿಗೆ ಬಂತು. ಅವಕ್ಕೆ ತುಕ್ಕಿನ ಬ್ಯಾಟರಿಯನ್ನೇ ಹಿಂದಕ್ಕೆ ಓಡಿಸುವ ವಿಧಾನ ಇದೆ. ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಸೋಡಾ ಹಾಕಿದೆ. ತುಕ್ಕು ಹಿಡಿದ ಹಿಂಜನ್ನು ತಂತಿಯಲ್ಲಿ ಇಳಿಬಿಟ್ಟು 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ಸಿಗೆ ಕಟ್ಟಿದೆ. ಪ್ಲಸ್ಸಿಗೆ ಒಂದು ಹಳೇ ಕಬ್ಬಿಣದ ಪಟ್ಟಿ. ಸ್ವಿಚ್ ಹಾಕಿದ ಕೂಡಲೇ ಹಿಂಜಿನ ಮೈತುಂಬ ಸೋಡಾದ ಬುರುಗಿನಂಥ ಗುಳ್ಳೆ. ಅದು ಜಲಜನಕ. ಈಗ ಎಲೆಕ್ಟ್ರಾನ್‌ಗಳು ಹಿಂಜಿನೊಳಗೆ ಬರುತ್ತಿವೆ, ಆದ್ದರಿಂದ ಅದರ ಕಬ್ಬಿಣ ಕರಗಲಾರದು. ಅಂಟಿಕೊಂಡಿದ್ದ ತುಕ್ಕು ಮಾತ್ರ ಸಡಿಲವಾಗಿ ಕಪ್ಪಗಾಗುತ್ತದೆ. ಬೆಳಿಗ್ಗೆ ತೆಗೆದು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಲ್ಲಿ ಉಜ್ಜಿದರೆ ಕಪ್ಪು ಮಸಿ ಜಾರಿ, ತಯಾರಿಯಲ್ಲಿ ಒತ್ತಿದ ಅಚ್ಚಿನ ಅಕ್ಷರಗಳು ಮೇಲೆದ್ದವು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು.

ಮಾಡುವವರಿಗೆ ಎರಡು ಮಾತು. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಲೇಬೇಡಿ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತದೆ. ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ, ಹಾಗಾಗಿ ಬಯಲಲ್ಲೇ ಮಾಡಿ. ಹಳೇ ಬಣ್ಣವನ್ನು ಒಣದಾಗಿ ಉಜ್ಜೋದೂ ಅಪಾಯ. ಅದರಲ್ಲಿ ಸೀಸ ಇರಬಹುದು. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ.

ಕತ್ತರಿಸಲಾಗದ, ಡ್ರಮ್ಮಿಗೂ ಹಿಡಿಸದ ಜಾಗಗಳಲ್ಲಿ ತೆಳುವಾಗಿ ಕಚ್ಚಿಕೊಂಡ ತುಕ್ಕು ಇರುತ್ತದೆ. ಅದಕ್ಕೆ ಮದ್ದು ನಮ್ಮ ಅಡುಗೆಮನೆಯಲ್ಲೇ ಕಾಣುತ್ತದೆ. ಕಬ್ಬಿಣದ ಈಳಿಗೆಮಣೆಯಲ್ಲಿ ನೆಲ್ಲಿಕಾಯಿ ಹೆಚ್ಚಿದರೆ ಕಪ್ಪಗಾಗುತ್ತಲ್ಲ, ಅದು ಕಾಯಿಯ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿದ್ದರ ಗುರುತು. ಅಳಲೆಕಾಯಿ ಮತ್ತು ಕಬ್ಬಿಣದಿಂದ ಹಿಂದೆ ಶಾಯಿ ಮಾಡುತ್ತಿದ್ದದ್ದೂ, ಕಲಂಕಾರಿ ಬಟ್ಟೆಯ ಕಪ್ಪು ಗೆರೆ ಮೂಡೋದೂ ಹೀಗೇ. ನಾನು ಅಳಲೆಕಾಯಿ ಕಷಾಯವನ್ನು ಗಟ್ಟಿಯಾಗಿ ಕುದಿಸಿ ಸೀಟಿನ ಕೆಳಗಿನ ತಗಡಿಗೆ ಬಳಿದೆ. ಬೆಳಗಾಗುವಷ್ಟರಲ್ಲಿ ಕೆಂಪು ಹೋಗಿ ನೀಲಿಗಪ್ಪು. ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಅಂತ ಮಾರುವ ಎಷ್ಟೋ ದ್ರವಗಳಲ್ಲಿ ಇರೋದು ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ. ಎರಡನೆಯದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ಸುಮಾರು 1600 ವರ್ಷದಿಂದ ದೆಹಲಿಯ ಕಬ್ಬಿಣದ ಕಂಬವನ್ನು ಕಾಯುತ್ತಿರೋದೂ ಫಾಸ್ಫೇಟಿನ ತೆಳು ಪದರವೇ ಅಂತ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದರು. ಆ ಕಬ್ಬಿಣದಲ್ಲಿ ರಂಜಕ, ಅಂದರೆ ಫಾಸ್ಫರಸ್, ಜಾಸ್ತಿ. ಪಕಳೆ ಪಕಳೆಯಾಗಿ ಏಳುವ ದಪ್ಪ ತುಕ್ಕಿಗೆ ಮಾತ್ರ ಇವು ಯಾವುದೂ ನಾಟುವುದಿಲ್ಲ. ಅದನ್ನು ಕೆರೆದೇ ತೆಗೆಯಬೇಕು.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಅದಕ್ಕೆ ಕೆಂಪು ಕೊಡುವ ಪುಡಿ ಕೂಡ ಕಬ್ಬಿಣದ ಆಕ್ಸೈಡೇ. ನಮ್ಮ ಹಳೇ ಮನೆಯ ನುಣುಪಾದ ಕೆಂಪು ನೆಲಕ್ಕೂ ಅದೇ ಪುಡಿ. ಆಮ್ಲಜನಕವನ್ನು ಆಗಲೇ ಹೊಟ್ಟೆ ತುಂಬ ಸೇರಿಸಿಕೊಂಡ ಕಬ್ಬಿಣ ಅದು, ಇನ್ನು ತುಕ್ಕು ಹಿಡಿಯುವ ಮಾತೇ ಇಲ್ಲ. ತುಕ್ಕಿನ ದಾಯಾದಿಯನ್ನೇ ತುಕ್ಕಿನ ಎದುರು ಕಾವಲಿಗೆ ನಿಲ್ಲಿಸುತ್ತೇವೆ. ಉಜ್ಜಿ ಬೆಳ್ಳಗೆ ಮಾಡಿದ ಲೋಹ ಜುಲೈ ತಿಂಗಳ ಒಂದೇ ರಾತ್ರಿಯಲ್ಲಿ ಹಳದಿಗೆ ತಿರುಗುತ್ತದೆ. ಹಾಗಾಗಿ ಅಂದು ಉಜ್ಜಿದ್ದಕ್ಕೆ ಅಂದೇ ಪ್ರೈಮರ್ ಹೊಡೆದೆವು.

ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಸುತ್ತಿದ್ದು, ಶಿವಾಜಿನಗರದ ಗುಜರಿಯಲ್ಲಿ ಕಿಟಕಿಯ ಹಿಡಿ ಸಿಕ್ಕಿದ್ದು ಇನ್ನೊಂದು ದಿನದ ಕತೆ. ನನಗೆ ಮುಖ್ಯ ಅನಿಸಿದ್ದು ಗಾಡಿಯ ಅಡಿಯಲ್ಲಿ ಮಲಗಿದಾಗ ಕಂಡ ಸಂಗತಿ. ಪ್ರತಿ ಬಾಗಿಲಿನ ತಳದಲ್ಲೂ, ಆ ಡಬ್ಬಗಳ ತಳದಲ್ಲೂ ಕಂಪನಿಯವರೇ ಬಿಟ್ಟ ಸಣ್ಣ ತೂತುಗಳಿದ್ದವು. ಕಿಟಕಿಯ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿದೇ ಇಳಿಯುತ್ತದೆ, ಅದು ಹೊರಗೆ ಹೋಗಲಿ ಅಂತ ಬಿಟ್ಟ ದಾರಿ. ಯಾವಾಗಲೋ ಅಡಿಗೆ ಕಪ್ಪು ಡಾಂಬರಿನಂಥ ಲೇಪ ಹೊಡೆಸಿದ್ದೆವು, ಗಾಡಿ ಚೆನ್ನಾಗಿರಲಿ ಅಂತ. ಅದು ಎಲ್ಲ ತೂತುಗಳನ್ನೂ ಮುಚ್ಚಿಬಿಟ್ಟಿತ್ತು.

ಒಂದೊಂದನ್ನೂ ಮೊಳೆಯಿಂದ ಬಿಡಿಸಿದೆ. ಹೊಸ ತಗಡಿನಲ್ಲಿ ಭಾಯ್ ಅಳತೆ ಹಿಡಿದು ಹೊಸ ತೂತು ಕೊರೆದರು. ಡಬ್ಬದ ಒಳಗೆ ಸಣ್ಣ ನಳಿಕೆಯಿಂದ ಮೇಣದ ದ್ರವ ಸಿಂಪಡಿಸಿದೆವು. ಬಣ್ಣ ಹೊಡೆಯುವ ಮುಂಚಿನ ದಿನ ಅಪ್ಪ ಅಡುಗೆಮನೆಯಿಂದ ಒಂದು ಚೊಂಬು ನೀರು ತಂದು ವೈಪರ್ ಹತ್ತಿರದ ಸೀಳುಗಳಿಗೆ ನಿಧಾನವಾಗಿ ಹೊಯ್ದರು. ನಾನು ಕೆಳಗೆ ಟಾರ್ಚು ಹಿಡಿದು ಮಲಗಿದ್ದೆ. ಮೊದಲು ಏನೂ ಇಲ್ಲ. ಆಮೇಲೆ ಎಡಗಡೆ ಒಂದು ಹನಿ, ಅದರ ಹಿಂದೆ ಸಣ್ಣ ಧಾರೆ, ಬಲಗಡೆಯೂ ಧಾರೆ.

"ಬಂತೇನೋ?" ಅಂತ ಮೇಲಿಂದ ಕೇಳಿದರು.

"ಬಂತಪ್ಪ, ಎರಡೂ ಕಡೆ."