ಇಂಕಾ ಅವಶೇಷಗಳಿಗೆ ಟ್ರೆಕ್: ಯಾವ ದಾರಿ ಹಿಡಿಯಬೇಕು, ಯಾರ ಜೊತೆ ಹೋಗಬೇಕು?

ಓದುಗರ ಪ್ರಶ್ನೆ: ಮುಂದಿನ ವರ್ಷ ನಾನೂ ನನ್ನ ಹೆಂಡತಿಯೂ ಪೆರುವಿಗೆ ಹೋಗಿ, ಇಂಕಾಗಳು ಬೆಟ್ಟದ ಮೇಲೆ ಕಟ್ಟಿದ ಹಳೆಯ ಊರು ಮಾಚು ಪಿಚುವನ್ನು ನಡೆದೇ ತಲುಪಬೇಕು ಅಂದುಕೊಂಡಿದ್ದೇವೆ. ಕುಮಾರ ಪರ್ವತ, ತಡಿಯಂಡಮೋಳ್ ಹತ್ತಿ ಅಭ್ಯಾಸವಿದೆ. ಆದರೆ ಹುಡುಕಲು ಕೂತರೆ ಇಂಕಾ ಟ್ರೇಲ್, ಸಲ್ಕಂಟೈ, ಲಾರೆಸ್ ಅಂತ ಹೆಸರುಗಳ ಸರಮಾಲೆಯೇ ಎದುರಾಗುತ್ತದೆ. ಅದೇ ನಾಲ್ಕು ದಿನದ ಟ್ರೆಕ್‌ಗೆ ಒಂದು ಕಂಪನಿ ಹೇಳುವ ದರಕ್ಕೂ ಇನ್ನೊಂದರ ದರಕ್ಕೂ ನೂರಾರು ಡಾಲರ್ ವ್ಯತ್ಯಾಸ. ಯಾವುದನ್ನು ಆರಿಸಬೇಕು?

ಉತ್ತರ: ಮೊದಲು ನೀವಿಬ್ಬರೂ ಕೂತು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ಬೇಕಿರುವುದು ಇಂಕಾಗಳು ಹಾಸಿದ ಕಲ್ಲುದಾರಿಯಲ್ಲಿ, ಅವರು ಕಟ್ಟಿದ ಊರುಗಳ ನಡುವೆ ನಡೆಯುವುದೋ? ಅಥವಾ ಹಿಮಶಿಖರಗಳ ಕೆಳಗೆ ನಾಲ್ಕು ದಿನ ನಡೆದು, ಕೊನೆಗೆ ಮಾಚು ಪಿಚು ನೋಡಿ ಬರುವುದೋ? ಎರಡೂ ಚೆನ್ನಾಗಿಯೇ ಇರುತ್ತವೆ, ಆದರೆ ಎರಡೂ ಒಂದೇ ಅಲ್ಲ. ಮಾರುವವರು ಮಾತ್ರ ಎಲ್ಲಕ್ಕೂ "ಇಂಕಾ ಟ್ರೆಕ್" ಎಂಬ ಒಂದೇ ಹಣೆಪಟ್ಟಿ ಅಂಟಿಸುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಅವಶೇಷಗಳೇ ಮುಖ್ಯ ಅನ್ನುವುದಾದರೆ ನಾಲ್ಕು ದಿನದ ಮೂಲ ಇಂಕಾ ಟ್ರೇಲ್‌ಗೆ ಸಾಟಿಯಿಲ್ಲ. ಕುಸ್ಕೊ ನಗರದಿಂದ ಹೋಗುವ ರೈಲುದಾರಿಯ 82ನೇ ಕಿಲೋಮೀಟರ್ ಬಳಿ ಉರುಬಂಬಾ ನದಿ ದಾಟಿ ಶುರುವಾಗುವ ಈ ದಾರಿ ಸುಮಾರು 40 ಕಿ.ಮೀ. ಉದ್ದವಿದೆ. ಮೊದಲ ದಿನವೇ ನದಿಯ ಬಾಗಿಗೆ ಹೊಂದಿಕೊಂಡ ಪಟಲ್ಯಾಕ್ಟಾ ಎಂಬ ಇಂಕಾ ಊರಿನ ಹೊಲದ ಮೆಟ್ಟಿಲುಗಳು ಮೇಲಿನಿಂದ ಕಾಣುತ್ತವೆ. ಎರಡನೇ ದಿನ 4,215 ಮೀಟರ್ ಎತ್ತರದ ವಾರ್ಮಿವಾನ್ಯುಸ್ಕ ಕಣಿವೆಬಾಯಿ (ಬೆಟ್ಟಸಾಲನ್ನು ದಾಟುವ ಎತ್ತರದ ಜಾಗ, ಪಾಸ್) ದಾಟಬೇಕು. ಇಡೀ ಟ್ರೆಕ್‌ನಲ್ಲಿ ಅದೇ ಅತಿ ಎತ್ತರದ ಜಾಗ. ಮೂರನೇ ದಿನ ರುಂಕುರಕಾಯ್, ಸಾಯಕ್‌ಮಾರ್ಕಾ, ಫುಯುಪಟಮಾರ್ಕಾ, ವಿನ್ಯಾಯ್ ವಾಯ್ನಾ ಎಂಬ ಇಂಕಾ ನೆಲೆಗಳು ಒಂದಾದ ಮೇಲೊಂದು ಎದುರಾಗುತ್ತವೆ. ಸಾಯಕ್‌ಮಾರ್ಕಾಕ್ಕೆ ಹತ್ತುವುದು ಬಂಡೆಯ ಮೈಗೆ ಅಂಟಿಕೊಂಡ ಕಿರಿದಾದ ಮೆಟ್ಟಿಲುಗಳ ಮೇಲೆ. ಅಲ್ಲಿಂದ ಮುಂದೆ ಒಂದು ಕಡೆ ದಾರಿ ಬಂಡೆಯ ಒಳಗೇ ಸುರಂಗವಾಗಿ ಇಳಿಯುತ್ತದೆ, ಅದರೊಳಗೂ ಮೆಟ್ಟಿಲು ಕೊರೆದಿದ್ದಾರೆ. ವಿನ್ಯಾಯ್ ವಾಯ್ನಾದಲ್ಲಿ ಮೇಲೊಂದು, ಕೆಳಗೊಂದು ಮನೆಗಳ ಗುಂಪು. ನಡುವೆ ಉದ್ದಕ್ಕೆ ಇಳಿಯುವ ಮೆಟ್ಟಿಲ ಸಾಲು, ಅದರ ಪಕ್ಕಕ್ಕೇ ಒಂದರ ಕೆಳಗೊಂದರಂತೆ ಕಲ್ಲಿನ ನೀರಿನ ತೊಟ್ಟಿಗಳು. ಗುಡ್ಡದ ಬಾಗಿಗೆ ತಕ್ಕಂತೆ ಹೊಲದ ಗೋಡೆಗಳೂ ಬಾಗಿವೆ. ನಾಲ್ಕನೇ ದಿನ ಬೆಳಕು ಹರಿಯುವ ಮೊದಲೇ ಹೊರಟರೆ ಇಂಟಿಪುಂಕು ಎಂಬ ಕಲ್ಲಿನ ದ್ವಾರಕ್ಕೆ ಬರುತ್ತೀರಿ. ಮಾಚು ಪಿಚು ಅಲ್ಲಿಂದ ಕೆಳಗೆ ಕಾಣುತ್ತದೆ. ಹೀಗೆ ಆ ದ್ವಾರ ದಾಟಿ ಊರಿನೊಳಕ್ಕೆ ಇಳಿಯುವ ಅವಕಾಶ ಇಂಕಾ ಟ್ರೇಲ್‌ನವರಿಗೆ ಮಾತ್ರ. ಸಲ್ಕಂಟೈ, ಲಾರೆಸ್‌ನಂಥ ಟ್ರೆಕ್‌ಗಳು ಕೆಳಗಿನ ಆಗ್ವಾಸ್ ಕಾಲಿಯೆಂಟೆಸ್ ಪಟ್ಟಣಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲೋ ಮೆಟ್ಟಿಲು ಹತ್ತಿಯೋ ಮೇಲೆ ಹೋಗುವಂಥವು.

ಆದರೆ ಇದಕ್ಕೆ ಪರ್ಮಿಟ್ ಸಿಗುವುದೇ ಕಷ್ಟ. ದಿನಕ್ಕೆ 500 ಜನರಿಗೆ ಮಾತ್ರ ಪ್ರವೇಶ. ಅದರಲ್ಲಿ ಗೈಡ್, ಅಡುಗೆಯವರು, ಪೋರ್ಟರ್‌ಗಳೂ ಸೇರುವುದರಿಂದ ಪ್ರವಾಸಿಗರಿಗೆ ಉಳಿಯುವುದು ಸುಮಾರು 200. ನೀವೇ ಹೋಗಿ ಪರ್ಮಿಟ್ ತೆಗೆದುಕೊಳ್ಳುವಂತಿಲ್ಲ, ಗೈಡ್ ಇಲ್ಲದೆ ನಡೆಯುವಂತೆಯೂ ಇಲ್ಲ. ಎಲ್ಲವೂ ಲೈಸೆನ್ಸ್ ಇರುವ ಕಂಪನಿಯ ಮೂಲಕವೇ ಆಗಬೇಕು. ಮೇನಿಂದ ಆಗಸ್ಟ್‌ವರೆಗಿನ ದಿನಗಳು ತಿಂಗಳುಗಟ್ಟಲೆ ಮೊದಲೇ ಭರ್ತಿಯಾಗುತ್ತವೆ. ದುರಸ್ತಿಗೆಂದು ಫೆಬ್ರವರಿ ಪೂರ್ತಿ ದಾರಿ ಮುಚ್ಚಿರುತ್ತದೆ. ಪರ್ಮಿಟ್ ನಿಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ ಬರುತ್ತದೆ, ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಬುಕಿಂಗ್ ಆದ ಮೇಲೆ ಪಾಸ್‌ಪೋರ್ಟ್ ನವೀಕರಿಸಿದರೆ ಕಂಪನಿಗೆ ತಿಳಿಸಿ, ಹಳೆಯದನ್ನೂ ಜೊತೆಗೆ ಒಯ್ಯಿರಿ.

ಪರ್ಮಿಟ್ ಸಿಗಲಿಲ್ಲ ಅಂದಾಗ ಬಹಳಷ್ಟು ಕಂಪನಿಗಳು ಸಲ್ಕಂಟೈ ಕಡೆ ತಿರುಗಿಸುತ್ತವೆ. ಸಲ್ಕಂಟೈ ಚೆಂದದ ಟ್ರೆಕ್, ಅದರಲ್ಲಿ ಎರಡು ಮಾತಿಲ್ಲ. 6,271 ಮೀಟರ್‌ನ ಹಿಮಶಿಖರದ ಬುಡದಲ್ಲಿ 4,600 ಮೀಟರ್ ಮೀರಿದ ಕಣಿವೆಬಾಯಿ ದಾಟಿ, ಇಳಿಯುತ್ತಾ ಇಳಿಯುತ್ತಾ ಸಾಂತಾ ತೆರೇಸಾ ಕಡೆಯ ಕಾಫಿ ತೋಟಗಳಿಗೆ ಬರುತ್ತೀರಿ. ಮಲೆನಾಡಿನವರಿಗೆ, ಕೊಡಗಿನವರಿಗೆ ಆ ಭಾಗ ಬಹಳ ಹಿಡಿಸುತ್ತದೆ. ಆದರೆ ದಾರಿಯುದ್ದಕ್ಕೂ ಇಂಕಾ ಅವಶೇಷಗಳು ಸಿಗುತ್ತವೆ ಅಂದುಕೊಂಡು ಹೋದರೆ ನಿರಾಸೆ ಖಂಡಿತ. ಕೊನೆಯ ಹೊತ್ತಿಗೆ ಲ್ಯಾಕ್ಟಪಾಟಾ ಎಂಬಲ್ಲಿಂದ ಕಣಿವೆಯಾಚೆ ಮಾಚು ಪಿಚು ಕಾಣುತ್ತದೆ, ಅಷ್ಟೇ. ಲಾರೆಸ್ ದಾರಿಯ ಆಕರ್ಷಣೆ ಬೆಟ್ಟದ ಹಳ್ಳಿಗಳು, ಅಲ್ಲಿನ ನೇಕಾರರು. ಅದೂ ಅವಶೇಷಗಳ ಟ್ರೆಕ್ ಅಲ್ಲ.

ಅವಶೇಷಗಳಿಗಾಗಿಯೇ ಹೋಗುವವರಿಗೆ ಪರ್ಮಿಟ್ ತಪ್ಪಿದರೆ ನಾನು ಹೇಳುವುದು ಬೇರೆ ಎರಡು ದಾರಿ. ಒಂದು, 104ನೇ ಕಿಲೋಮೀಟರ್ ಬಳಿ ರೈಲಿನಿಂದ ಇಳಿದು ನಡೆಯುವ ಚಿಕ್ಕ ಇಂಕಾ ಟ್ರೇಲ್. ಇದಕ್ಕೂ ಪರ್ಮಿಟ್ ಬೇಕು, ಆದರೆ ನಾಲ್ಕು ದಿನದ್ದರಷ್ಟು ಬೇಗ ಮುಗಿಯುವುದಿಲ್ಲ. ಚಚಾಬಂಬಾ, ವಿನ್ಯಾಯ್ ವಾಯ್ನಾ, ಇಂಟಿಪುಂಕು ಮೂರೂ ಒಂದೇ ದಿನದ ನಡಿಗೆಯಲ್ಲಿ ಸಿಗುತ್ತವೆ. 2,700 ಮೀಟರ್ ಆಸುಪಾಸಿಗಿಂತ ಮೇಲೆ ಹೋಗುವುದಿಲ್ಲ, ರಾತ್ರಿ ಹೋಟೆಲಿನಲ್ಲೇ ಮಲಗಬಹುದು. ಅಪ್ಪ ಅಮ್ಮನನ್ನೂ ಕರೆದೊಯ್ಯುವವರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಇನ್ನೊಂದು ಚೋಕೆಕಿರಾವ್. ಮಂಡಿ ಗಟ್ಟಿ ಇರುವವರಿಗೆ ಮಾತ್ರ. ಅಪುರಿಮಾಕ್ ನದಿಯ ಆಳವಾದ ಕಮರಿಗೆ ಸುಮಾರು 1,400 ಮೀಟರ್ ಇಳಿದು, ಎದುರಿನ ದಂಡೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಹತ್ತಬೇಕು. ಬಂದ ದಾರಿಯಲ್ಲೇ ವಾಪಸಾಗುವುದಾದರೆ ಮತ್ತೆ ಅದೇ ಇಳಿತ, ಅದೇ ಏರು. ತಳದಲ್ಲಿ ಬಿಸಿಲಿನ ಧಗೆ, ಜೊತೆಗೆ ಕಚ್ಚುವ ನೊಣಗಳ ಕಾಟ. ಇಷ್ಟೆಲ್ಲ ಪಟ್ಟು ಹೋದವರಿಗೆ ಸಿಗುವುದು ಮಾಚು ಪಿಚುವಿನಷ್ಟೇ ಗಂಭೀರವಾದ, ಆದರೆ ಜನಜಂಗುಳಿ ಇಲ್ಲದ ಇಂಕಾ ನೆಲೆ. ಇನ್ನೂ ಬಹುಭಾಗ ಕಾಡಿನ ಕೆಳಗೇ ಇದೆ. ಕಡಿದಾದ ಇಳಿಜಾರಿನ ಹೊಲದ ಗೋಡೆಗಳಲ್ಲಿ ಕಪ್ಪು ಕಲ್ಲುಗಳ ನಡುವೆ ಬಿಳಿ ಕಲ್ಲು ಕೂರಿಸಿ ಲಾಮಾ ಎಂಬ ಪ್ರಾಣಿಗಳ ಸಾಲನ್ನೇ ಮೂಡಿಸಿದ್ದಾರೆ. ಅದನ್ನು ನೋಡಲು ಇನ್ನಷ್ಟು ಇಳಿಯಬೇಕಾಗುತ್ತದೆ. ಆಯಾಸ ಅಂತ ಬಿಟ್ಟು ಬರಬೇಡಿ.

ಇನ್ನು ಎತ್ತರದ ವಿಷಯ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದ್ದೀರಿ ಅಂದರೆ ನಿಮ್ಮ ಕಾಲಿನ ಬಗ್ಗೆ ನನಗೆ ಅನುಮಾನವಿಲ್ಲ. ವಾರ್ಮಿವಾನ್ಯುಸ್ಕದ ದಿನ ಏರಬೇಕಾದದ್ದು ಸುಮಾರು 1,200 ಮೀಟರ್, ಕುಕ್ಕೆಯಿಂದ ತುದಿಯವರೆಗಿನ ಏರು ಅದಕ್ಕಿಂತ ಹೆಚ್ಚೇ. ಪ್ರಶ್ನೆ ಇರುವುದು ಉಸಿರಿನದು. ಕುಮಾರ ಪರ್ವತದ ತುದಿ 1,712 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಸ್ಕೊ ಊರೇ 3,400 ಮೀಟರ್‌ನಲ್ಲಿದೆ. ಸಮುದ್ರ ಮಟ್ಟದ ಲಿಮಾದಿಂದ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಅಲ್ಲಿ ಇಳಿಯುತ್ತೀರಿ. 4,200 ಮೀಟರ್‌ನಲ್ಲಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು 60 ಪ್ರತಿಶತ ಮಾತ್ರ. ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗನಿಗೂ ತಲೆ ಸಿಡಿಯಬಹುದು, ಅವನ ಅಪ್ಪ ಆರಾಮಾಗಿ ಇರಬಹುದು. ಮೊದಲೇ ಹೇಳಲು ಬರುವುದಿಲ್ಲ.

ಹಾಗಾಗಿ ಕುಸ್ಕೊದಲ್ಲಿ ಇಳಿದವರು ಅಲ್ಲೇ ಉಳಿಯದೆ ನೇರ ಕೆಳಗಿನ ಉರುಬಂಬಾ ಕಣಿವೆಗೆ ಹೋಗಿ. ಒಲ್ಯಾಂಟಾಯ್‌ಟಾಂಬೋ ಸುಮಾರು 2,800 ಮೀಟರ್‌ನಲ್ಲಿದೆ, ಇಂಕಾ ಕಾಲದ ಓಣಿಗಳಲ್ಲಿ ಜನ ಇಂದಿಗೂ ಬದುಕುತ್ತಿರುವ ಊರು. ಅಲ್ಲಿ ಎರಡು ರಾತ್ರಿ ಮಲಗಿ, ಆಮೇಲೆ ಒಂದೆರಡು ದಿನ ಕುಸ್ಕೊದಲ್ಲಿದ್ದು ಟ್ರೆಕ್ ಶುರು ಮಾಡಿದರೆ ಅರ್ಧ ತೊಂದರೆ ತಪ್ಪಿತು. ಎತ್ತರದ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ನಿಮಗೆ ಆಗುತ್ತದೋ ಇಲ್ಲವೋ ಎಂದು ಹೊರಡುವ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ. ಸಲ್ಫಾ ಔಷಧದ ಅಲರ್ಜಿ ಇದ್ದರೆ ಅದನ್ನೂ ತಪ್ಪದೆ ಹೇಳಿ. "ಕುಸ್ಕೊಗೆ ಬಂದ ಮರುದಿನವೇ ಹೊರಡೋಣ" ಅನ್ನುವ ಕಂಪನಿ ಎಷ್ಟೇ ಅಗ್ಗವಾಗಿರಲಿ, ಬೇಡ. ಸಲ್ಕಂಟೈಯಲ್ಲಿ ಎಷ್ಟೋ ಕಂಪನಿಗಳು ಮೊದಲ ರಾತ್ರಿಯೇ 3,900 ಮೀಟರ್ ಎತ್ತರದ ಸೊರೈಪಂಪಾದಲ್ಲಿ ಮಲಗಿಸುತ್ತವೆ, ಅಲ್ಲಿಗಂತೂ ಅರೆಬರೆ ಹೊಂದಿಕೊಂಡು ಹೋಗಲೇಬೇಡಿ.

ಇಂಕಾ ಟ್ರೇಲ್‌ನಲ್ಲಿ ಎರಡನೇ ದಿನದ ಬೆಳಗ್ಗೆ ಬಹಳ ಮುಖ್ಯ. ಕಣಿವೆಬಾಯಿಯ ಈ ಕಡೆ ಇರುವವರೆಗೆ ಮೈ ಸರಿಯಿಲ್ಲ ಅನ್ನಿಸಿದರೆ ಇಳಿದು ವಾಪಸಾಗಬಹುದು. ದಾಟಿ ಆಚೆ ಇಳಿದ ಮೇಲೆ ಹಿಂದಕ್ಕೂ ಏರು, ಮುಂದಕ್ಕೂ ಏರು. ವಾಹನ ಇಲ್ಲ, ಕುದುರೆಯೂ ಇಲ್ಲ. ಮಲಗಿ ಎದ್ದರೂ ಹೋಗದ ತಲೆನೋವು, ನಡೆಯುವಾಗ ತೂರಾಡುವುದು, ಸುಮ್ಮನೆ ಕೂತಾಗಲೂ ಏದುಸಿರು ಇವುಗಳಲ್ಲಿ ಯಾವುದು ಕಂಡರೂ ಗೈಡ್‌ಗೆ ಹೇಳಿ. ಮುಚ್ಚಿಟ್ಟುಕೊಂಡು ಹತ್ತಬೇಡಿ. ಬುಕ್ ಮಾಡುವಾಗ ಕಂಪನಿಯನ್ನೂ ಕೇಳಿ: ಆಮ್ಲಜನಕದ ಸಿಲಿಂಡರ್ ಒಯ್ಯುತ್ತೀರಾ? ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ವಾಪಸಾಗಬೇಕಾದರೆ ಜೊತೆಗೆ ಯಾರು ಬರುತ್ತಾರೆ?

ದರದ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬ ನಿಮ್ಮ ಪ್ರಶ್ನೆಗೆ ಬರೋಣ. ಪರ್ಮಿಟ್ ಶುಲ್ಕ ಎಲ್ಲ ಕಂಪನಿಗೂ ಒಂದೇ. ವಾಪಸಾಗುವ ರೈಲಿನ ಟಿಕೆಟ್ ದರವೂ ಕಂಪನಿ ಇಳಿಸಬಹುದಾದದ್ದಲ್ಲ. ಇಂಕಾ ಟ್ರೇಲ್‌ನ ಮೊದಲ ಹಂತದ ನಂತರ ಕುದುರೆ, ಹೇಸರಗತ್ತೆಗಳನ್ನು ಬಿಡುವುದಿಲ್ಲ. ಡೇರೆ, ಗ್ಯಾಸ್ ಸಿಲಿಂಡರ್, ಮೇಜು, ಕುರ್ಚಿ, ನಾಲ್ಕು ದಿನದ ದಿನಸಿ ಎಲ್ಲವನ್ನೂ ಮನುಷ್ಯರೇ ಹೊರಬೇಕು. ಹೀಗಿರುವಾಗ ಒಂದು ಕಂಪನಿ ಬಹಳ ಅಗ್ಗಕ್ಕೆ ಕೊಡುತ್ತದೆ ಎಂದರೆ ಉಳಿತಾಯ ಎಲ್ಲಿ ಆಗಿರಬಹುದು? ಪೋರ್ಟರ್‌ಗಳ ಕೂಲಿಯಲ್ಲಿ, ಅವರ ಊಟದಲ್ಲಿ, ಅವರು ಮಲಗುವ ಜಾಗದಲ್ಲಿ, ಅವರ ಸಂಖ್ಯೆಯಲ್ಲಿ. ಇದು ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ. ನೀವೂ ಇದನ್ನೇ ಮೊದಲು ನೋಡಬೇಕು ಎಂಬುದು ನನ್ನ ಕೋರಿಕೆ.

ಪೋರ್ಟರ್‌ಗಳಲ್ಲಿ ಹೆಚ್ಚಿನವರು ಕೆಚುವಾ ಮಾತಾಡುವ ಬೆಟ್ಟದ ಹಳ್ಳಿಗಳ ರೈತರು. ಒಂದು ಕಾಲದಲ್ಲಿ ಅವರ ಬೆನ್ನ ಮೇಲೆ ಮಿತಿಯೇ ಇಲ್ಲದಷ್ಟು ಹೊರೆ ಇರುತ್ತಿತ್ತು. 2001ರಲ್ಲಿ ಪೆರು ಪೋರ್ಟರ್‌ಗಳಿಗೆಂದೇ ಕಾನೂನು ಮಾಡಿ 20 ಕಿಲೋ ಮಿತಿ ಹಾಕಿತು. ಈಗ ದಾರಿಯ ಬಾಗಿಲಲ್ಲೇ ತಕ್ಕಡಿ ಇದೆ. ನೀವು ಪಾಸ್‌ಪೋರ್ಟ್ ತೋರಿಸಲು ನಿಂತಿರುವಾಗ ಅವರು ಇನ್ನೊಂದು ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಮೂಟೆ ತೂಗಿಸುತ್ತಾರೆ. ಆಮೇಲೆ ನೀವು ಏದುಸಿರು ಬಿಡುತ್ತಾ ಹತ್ತುತ್ತಿರುವಾಗ ನಿಮ್ಮನ್ನು ದಾಟಿ ಓಡುತ್ತಾ ಹೋಗಿ, ನೀವು ಬರುವಷ್ಟರಲ್ಲಿ ಡೇರೆ ಹಾಕಿ, ಬಿಸಿನೀರು ಇಟ್ಟಿರುತ್ತಾರೆ. ತೂಕದ ನಿಯಮವನ್ನು ತಕ್ಕಡಿ ನೋಡಿಕೊಳ್ಳುತ್ತದೆ, ಮಿಕ್ಕದ್ದನ್ನು ಕೇಳುವವರು ಗಿರಾಕಿಗಳೇ. ಅವರಿಗೆ ಬೇರೆ ಡೇರೆ ಇದೆಯೋ, ಅಥವಾ ನಿಮ್ಮ ಊಟ ಮುಗಿದ ಮೇಲೆ ಊಟದ ಡೇರೆಯ ಒದ್ದೆ ನೆಲದ ಮೇಲೆ ಮಲಗುತ್ತಾರೋ? ಮಲಗಲು ಚಾಪೆ, ಬೆಚ್ಚನೆಯ ಸ್ಲೀಪಿಂಗ್ ಬ್ಯಾಗ್ ಕೊಡುತ್ತೀರಾ? ಊಟ ಕಂಪನಿಯದೋ, ಅವರದೇ ಬುತ್ತಿಯೋ? ವಿಮೆ ಇದೆಯಾ? ನಮ್ಮಿಬ್ಬರಿಗೆ ಒಟ್ಟು ಎಷ್ಟು ಪೋರ್ಟರ್‌ಗಳು? ಇಷ್ಟನ್ನು ಬರೆದು ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಸರಿಯಾಗಿ ನಡೆಸಿಕೊಳ್ಳುವ ಕಂಪನಿ ಸಂತೋಷದಿಂದ, ವಿವರವಾಗಿ ಉತ್ತರಿಸುತ್ತದೆ. "ಎಲ್ಲ ನಿಯಮದ ಪ್ರಕಾರ" ಎಂದಷ್ಟೇ ಬರೆದರೆ ಮುಂದಿನ ಕಂಪನಿ ನೋಡಿ. ಕೊನೆಯ ಸಂಜೆ ಕೊಡುವ ಟಿಪ್ಸ್‌ಗೆ ಪೆರುವಿನ ಸೋಲ್ ನೋಟುಗಳನ್ನೇ, ಅದೂ ಚಿಲ್ಲರೆಯಾಗಿ ಇಟ್ಟುಕೊಂಡಿರಿ. ಸಾಧ್ಯವಾದರೆ ಒಬ್ಬೊಬ್ಬರ ಕೈಗೇ ಕೊಡಿ.

ಗುಂಪಿನ ಗಾತ್ರವನ್ನೂ ಕೇಳಿಕೊಳ್ಳಿ. ಹದಿನಾರು ಜನರ ಗುಂಪಿಗೂ ಎಂಟು ಜನರ ಗುಂಪಿಗೂ ಅಜಗಜಾಂತರ. ಅವಶೇಷಗಳ ಮುಂದೆ ನಿಂತು ಗೈಡ್ ಹೇಳುವುದನ್ನು ಕೇಳಬೇಕು ಅನ್ನುವವರಿಗೆ ಚಿಕ್ಕ ಗುಂಪೇ ಸರಿ. ಶುದ್ಧ ಸಸ್ಯಾಹಾರಿಗಳಾದರೆ ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಬೇಡಿ, ಮೊಟ್ಟೆ ತಿನ್ನುತ್ತೇವೋ ಇಲ್ಲವೋ ಎಂಬುದನ್ನೂ ಬಿಡಿಸಿ ಬರೆಯಿರಿ. ಕಿನೋವಾ, ಆಲೂಗಡ್ಡೆ, ಅನ್ನ, ಕಾಳು ಅಲ್ಲಿ ಧಾರಾಳ. ಉಪ್ಪಿನಕಾಯಿ, ಚಟ್ನಿಪುಡಿಯ ಒಂದು ಪೊಟ್ಟಣ ಸಾಕು.

ತಿಂಗಳ ಬಗ್ಗೆ ಹೇಳುವುದಾದರೆ, ಮೇನಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ, ಆದರೆ ಜೂನ್, ಜುಲೈ ರಾತ್ರಿಗಳಲ್ಲಿ ಎತ್ತರದ ಕ್ಯಾಂಪ್‌ಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ನಮ್ಮ ಬೇಸಿಗೆ ರಜೆಗೆ ಹೊಂದುವ ಏಪ್ರಿಲ್ ಕೊನೆ ಮತ್ತು ಮೇ ನನ್ನ ಆಯ್ಕೆ: ಮಳೆ ಆಗಷ್ಟೇ ಮುಗಿದು ಬೆಟ್ಟ ಹಸಿರಾಗಿರುತ್ತದೆ. ಇಂಕಾ ಟ್ರೇಲ್ ಬಿಟ್ಟು ಬೇರೆ ಟ್ರೆಕ್ ಮಾಡುವುದಾದರೆ ಮಾಚು ಪಿಚು ಟಿಕೆಟ್ ಯಾವ ಸರ್ಕ್ಯೂಟ್‌ನದು (ಒಳಗೆ ಸುತ್ತಲು ಗೊತ್ತುಮಾಡಿದ ದಾರಿ) ಎಂದು ಕೇಳಲು ಮರೆಯಬೇಡಿ. ಈಗ ಪ್ರವೇಶ ಮೂರು ಸರ್ಕ್ಯೂಟ್‌ಗಳಾಗಿ ಹಂಚಿಹೋಗಿದೆ. ಊರಿನ ನಡುಭಾಗವನ್ನು ಪೂರ್ತಿ ತೋರಿಸುವ ಎರಡನೆಯದು ಬೇಗ ಮುಗಿಯುತ್ತದೆ. ಅಷ್ಟು ದೂರ ಹೋಗಿ ಮೇಲಿನ ಕಟ್ಟೆಯಿಂದ ಫೋಟೊ ತೆಗೆದು ವಾಪಸಾದವರು ಬೇಕಾದಷ್ಟಿದ್ದಾರೆ.

ಕಾಗದಪತ್ರದ ವಿಷಯದಲ್ಲಿ ಎರಡು ಮಾತು. ಪೆರುವಿನಿಂದ ಭಾರತಕ್ಕೆ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ನೀವು ಬೆಟ್ಟದಲ್ಲಷ್ಟೇ ತಿರುಗಾಡಿದಿರೋ, ಅಮೆಜಾನ್ ಕಾಡಿಗೆ ಹೋಗಿದ್ದಿರೋ ಎಂಬುದನ್ನು ವಿಮಾನ ನಿಲ್ದಾಣದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಕುಸ್ಕೊದಲ್ಲಿ ಹೋಟೆಲ್ ಬಾಗಿಲಲ್ಲೇ ಬುಟ್ಟಿ ತುಂಬ ಕೋಕಾ ಎಲೆ ಇಟ್ಟಿರುತ್ತಾರೆ, ಅಲ್ಲಿ ಅದರ ಚಹಾ ಕುಡಿಯುವುದು ದಿನನಿತ್ಯದ ಮಾತು. ಆದರೆ ನಮ್ಮಲ್ಲಿ ಅದು 1985ರ ಮಾದಕ ವಸ್ತು ಕಾಯ್ದೆಯ ಅಡಿ ಬರುತ್ತದೆ, ಚಹಾದ ಪೊಟ್ಟಣವನ್ನೂ ಚೀಲದಲ್ಲಿ ಹಾಕಿಕೊಂಡು ಬರಬೇಡಿ.