ಬೈಕಿಗೊಂದು ಸಾಕೆಟ್: ಕರೆಂಟು ಬರುವ ದಾರಿಯ ಲೆಕ್ಕ

ಬೈಕಿನ ಹ್ಯಾಂಡಲ್ ಬಳಿ ಒಂದು ಪವರ್ ಸಾಕೆಟ್ ಇದ್ದರೆ ಬಹಳ ಅನುಕೂಲ. ದಾರಿ ತೋರಿಸುವ ಫೋನು ನಡುವೆ ಕೈಕೊಡುವುದಿಲ್ಲ. ಚಕ್ರದ ಗಾಳಿ ಇಳಿದರೆ ಸಣ್ಣ ಪಂಪ್ ಸಿಕ್ಕಿಸಿ ತುಂಬಿಕೊಳ್ಳಬಹುದು. ಚಳಿಯಲ್ಲಿ ಮೈ ಬೆಚ್ಚಗಿಡುವ ಜಾಕೆಟ್ಟಿಗೂ ಅಲ್ಲಿಂದಲೇ ಕರೆಂಟು ಕೊಡಬಹುದು. ಕೆಲಸವೂ ಸುಲಭ ಅನ್ನಿಸುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಒಂದು ವೈರು, ಮೈನಸ್‌ನಿಂದ ಇನ್ನೊಂದು, ಅಷ್ಟೇ ಅಲ್ವಾ? ಆದರೆ ಸಾಮಾನ್ಯವಾಗಿ ಆ ವೈರು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಹಾಗಾಗಿ ಸಾಕೆಟ್ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ, ಕರೆಂಟು ಅಲ್ಲಿಗೆ ಬರುವ ದಾರಿ ಹೇಗಿದೆ ಅನ್ನುವುದೇ ಮುಖ್ಯ.

ಮೊದಲು ಬ್ಯಾಟರಿಯನ್ನು ನೋಡೋಣ. ಸೀಸ ಮತ್ತು ಆಸಿಡ್ ಇರುವ ಬೈಕ್ ಬ್ಯಾಟರಿಯಲ್ಲಿ 6 ಸೆಲ್‌ಗಳಿರುತ್ತವೆ. ಒಂದೊಂದೂ ಸುಮಾರು 2.1 ವೋಲ್ಟ್. ಎಲ್ಲ ಸೇರಿ 12.6 ವೋಲ್ಟ್. ಇಷ್ಟು ಕಡಿಮೆ ವೋಲ್ಟೇಜು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ಜನ ಇದನ್ನು ಸುಮ್ನೆ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆದರೆ ಸ್ಟಾರ್ಟರ್ ಮೋಟಾರು ತಿರುಗಬೇಕಾದರೆ ಒಂದೇ ಏಟಿಗೆ ಹತ್ತಾರು ಆಂಪಿಯರ್ ಬೇಕು, ದೊಡ್ಡ ಎಂಜಿನ್ ಆದರೆ 100ಕ್ಕೂ ಜಾಸ್ತಿ. ಅಷ್ಟು ಕರೆಂಟು ಕೊಡಲೆಂದೇ ಬ್ಯಾಟರಿಯ ಒಳಗಿನ ತಡೆಯನ್ನು ತೀರಾ ಕಡಿಮೆ ಇಟ್ಟಿರುತ್ತಾರೆ. ಅಪಾಯ ಇರುವುದೂ ಅಲ್ಲೇ.

ಒಂದು ಸಣ್ಣ ಲೆಕ್ಕ ಹಾಕೋಣ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು 1 ಮೀಟರಿಗೆ ಸುಮಾರು 0.017 ಓಮ್ ತಡೆ ಒಡ್ಡುತ್ತದೆ. 2 ಮೀಟರಿಗೆ 0.034 ಓಮ್. ಬ್ಯಾಟರಿಯ ಒಳಗಿನ ತಡೆ 0.02 ಓಮ್ ಅಂತ ಇಟ್ಟುಕೊಳ್ಳಿ. ಈ ವೈರಿನ ತುದಿ ಎಲ್ಲೋ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಹರಿದು, ಬೈಕಿನ ಚಾಸಿಗೆ ತಾಗಿತು. ಚಾಸಿ ಮೈನಸ್‌ಗೆ ಸೇರಿರುವುದರಿಂದ ಇದು ನೇರ ಶಾರ್ಟ್. ಹರಿಯುವ ಕರೆಂಟು ಸುಮಾರು 230 ಆಂಪಿಯರ್. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಂತ ಜೇಮ್ಸ್ ಜೂಲ್ 1841ರಲ್ಲೇ ಪ್ರಕಟಿಸಿದ್ದರು. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 230 ಆಂಪಿಯರಿಗೆ ಆ ವೈರಿನಲ್ಲಿ ಸುಮಾರು 1,800 ವಾಟ್ ಬಿಸಿ ಹುಟ್ಟುತ್ತದೆ. ಒಂದು ದೊಡ್ಡ ಇಸ್ತ್ರಿಪೆಟ್ಟಿಗೆಯ ಬಿಸಿಯೆಲ್ಲ ಒಂದು ತೆಳು ತಂತಿಯಲ್ಲಿ ಸೇರಿದಂತೆ. ಮೇಲಿನ ಪ್ಲಾಸ್ಟಿಕ್ ಕರಗಲು ಒಂದು ಸೆಕೆಂಡೂ ಬೇಕಿಲ್ಲ.

ಇದನ್ನು ತಡೆಯುವುದು ಫ್ಯೂಸ್. ಫ್ಯೂಸ್ ಇರುವುದು ಫೋನನ್ನೋ ಪಂಪನ್ನೋ ಕಾಪಾಡಲು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಕಾಪಾಡುವುದು ವೈರನ್ನು. ಈ ಒಂದು ವಿಷಯ ತಲೆಗೆ ಹೋದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಫ್ಯೂಸನ್ನು ಎಲ್ಲಿ ಹಾಕಬೇಕು? ಬ್ಯಾಟರಿಯ ಪ್ಲಸ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರ, ಒಂದು ಗೇಣಿನೊಳಗೆ. ಸಾಕೆಟ್ ಪಕ್ಕ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಅಷ್ಟೂ ವೈರಿಗೆ ಯಾವ ಕಾವಲೂ ಇಲ್ಲ. ಎಷ್ಟು ಆಂಪಿಯರಿನದು? ವೈರು ಬಿಸಿಯಾಗದೆ ತಾಳುವಷ್ಟು, ಅದಕ್ಕಿಂತ ಜಾಸ್ತಿ ಬೇಡ. 1.5 ಚದರ ಮಿಲಿಮೀಟರ್ ವೈರಿಗೆ 10 ಆಂಪಿಯರ್ ಫ್ಯೂಸ್ ಹೊಂದುತ್ತದೆ. 10 ಆಂಪಿಯರ್ ಅಂತ ಬರೆದಿದ್ದರೂ ಅದು 10ಕ್ಕೇ ಹೋಗಿಬಿಡುವುದಿಲ್ಲ. 11 ಆಂಪಿಯರನ್ನು ಗಂಟೆಗಟ್ಟಲೆ ತಾಳುತ್ತದೆ, 20 ಆದರೆ ಕೆಲವೇ ಸೆಕೆಂಡುಗಳಲ್ಲಿ ಕರಗುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದೆ ಅಂತ 20ರದ್ದನ್ನು ತುರುಕುವುದು ನಿಜಕ್ಕೂ ಕೆಟ್ಟ ಉಪಾಯ. ಹಾಗೆ ಮಾಡಿದರೆ ಮುಂದಿನ ಸಲ ಕರಗುವುದು ವೈರೇ ಇರಬಹುದು.

ವೈರಿನ ದಪ್ಪಕ್ಕೆ ಇನ್ನೊಂದು ಕಾರಣವೂ ಇದೆ. ಗಾಳಿ ಪಂಪ್ 10 ಆಂಪಿಯರ್ ಎಳೆಯುತ್ತದೆ ಅನ್ನಿ. ಹೋಗಲು ಒಂದೂವರೆ ಮೀಟರ್, ಬರಲು ಒಂದೂವರೆ. ಅರ್ಧ ಚದರ ಮಿಲಿಮೀಟರ್ ವೈರಾದರೆ ದಾರಿಯಲ್ಲೇ 1 ವೋಲ್ಟ್ ಕಳೆದುಹೋಗುತ್ತದೆ. 2.5ರ ವೈರಾದರೆ 0.2 ವೋಲ್ಟ್ ಮಾತ್ರ.

ಇನ್ನು ಈ ಕರೆಂಟೆಲ್ಲ ಬರುವುದಾದರೂ ಎಲ್ಲಿಂದ? ಬ್ಯಾಟರಿ ಬರೀ ಉಗ್ರಾಣ. ಓಡುವ ಬೈಕಿನಲ್ಲಿ ಕರೆಂಟು ಹುಟ್ಟುವುದು ಎಂಜಿನ್ನಿನ ಪಕ್ಕದಲ್ಲಿ. ತಾಮ್ರದ ಸುರುಳಿಗಳಿರುವ ಸ್ಟೇಟರ್ ನಿಂತಲ್ಲೇ ಇರುತ್ತದೆ, ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿಗೆ ಸೇರಿದ ಮ್ಯಾಗ್ನೆಟ್‌ಗಳು ಅದರ ಸುತ್ತ ತಿರುಗುತ್ತವೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟದ್ದು ಇದನ್ನೇ: ಸುರುಳಿಯ ಬಳಿ ಅಯಸ್ಕಾಂತ ಅಲುಗಾಡಿದರೆ ಕರೆಂಟು ಹುಟ್ಟುತ್ತದೆ. ಸಣ್ಣ ಬೈಕುಗಳಲ್ಲಿ ಹೀಗೆ 100ರಿಂದ 200 ವಾಟ್ ಸಿಗುತ್ತದೆ. ದೂರದ ಪ್ರಯಾಣದ ದೊಡ್ಡ ಬೈಕುಗಳಲ್ಲಿ 400 ವಾಟ್ ದಾಟುವುದೂ ಉಂಟು. ಎಂಜಿನ್ ನಿಧಾನವಾಗಿ ತಿರುಗುವಾಗ ಇದರಲ್ಲಿ ಒಂದು ಪಾಲು ಮಾತ್ರ.

ಅದರಲ್ಲಿ ಮೊದಲ ಹಕ್ಕು ಬೈಕಿನದೇ. ಹಳೆ ಮಾದರಿಯ ಹೆಡ್‌ಲೈಟ್ ಒಂದೇ 55 ವಾಟ್ ತಿನ್ನುತ್ತದೆ. ಸ್ಪಾರ್ಕು, ಪೆಟ್ರೋಲ್ ಪಂಪು, ಹಿಂದಿನ ದೀಪ, ಬ್ಯಾಟರಿಯ ಚಾರ್ಜು ಆದ ಮೇಲೆ ಉಳಿದದ್ದು ನಿಮ್ಮ ಸಾಕೆಟ್ಟಿಗೆ. ಫೋನಿನ 10 ವಾಟ್ ಒಂದು ಲೆಕ್ಕವೇ ಅಲ್ಲ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಬಹಳಷ್ಟು ಬೈಕುಗಳಲ್ಲಿ ವೋಲ್ಟೇಜು ಮಿತಿ ಮೀರದಂತೆ ನೋಡಿಕೊಳ್ಳುವ ರೆಗ್ಯುಲೇಟರ್ ಹೆಚ್ಚಾದ ಕರೆಂಟನ್ನು ಸ್ಟೇಟರಿಗೇ ಶಾರ್ಟ್ ಮಾಡಿ ಬಿಸಿಯಾಗಿ ಕಳೆಯುತ್ತದೆ. ಅಂದರೆ ನಿಮ್ಮ ಫೋನು ಕುಡಿಯುವ ಕರೆಂಟು ಹೇಗೂ ಪೋಲಾಗುತ್ತಿದ್ದದ್ದು! ಆದರೆ 80 ವಾಟಿನ ಬಿಸಿ ಜಾಕೆಟ್ ಹಾಕಿಕೊಂಡು ಟ್ರಾಫಿಕ್ಕಿನಲ್ಲಿ ನಿಂತರೆ ಕಥೆ ಬೇರೆ. ಕೊರತೆಯನ್ನು ಬ್ಯಾಟರಿ ಸದ್ದಿಲ್ಲದೆ ತುಂಬಿಕೊಡುತ್ತಾ ಖಾಲಿಯಾಗುತ್ತದೆ. ಇದನ್ನು ಅಳೆಯುವುದು ಸುಲಭ. ಎಲ್ಲವನ್ನೂ ಆನ್ ಮಾಡಿ, ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 13.5ರಿಂದ 14.5 ವೋಲ್ಟ್ ಇದ್ದರೆ ಒಳ್ಳೆಯದು. 12.6ಕ್ಕಿಂತ ಕೆಳಗಿಳಿದರೆ ಆದಾಯಕ್ಕಿಂತ ಖರ್ಚು ಜಾಸ್ತಿ.

ಬೈಕು ನಿಂತಾಗಲೂ ಖರ್ಚಿದೆ. ಯುಎಸ್‌ಬಿ ಸಾಕೆಟ್ಟಿನೊಳಗೆ 12 ವೋಲ್ಟನ್ನು 5ಕ್ಕೆ ಇಳಿಸುವ ಒಂದು ಪುಟ್ಟ ಸರ್ಕಿಟ್ ಇರುತ್ತದೆ. ಫೋನು ಸಿಕ್ಕಿಸದಿದ್ದರೂ ಅದು ಎಚ್ಚರವಾಗಿಯೇ ಇರುತ್ತದೆ. 20 ಮಿಲಿಆಂಪಿಯರ್ ಎಳೆದರೂ ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಆಯಿತು. 8 ಆಂಪಿಯರ್-ಅವರ್ ಬ್ಯಾಟರಿ ಎರಡು ವಾರದಲ್ಲಿ ಬರಿದಾಗುತ್ತದೆ. ಅದಕ್ಕೇ ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್, ಹಾಕುವುದು ನನ್ನ ಪ್ರಕಾರ ಸರಿಯಾದ ದಾರಿ. ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಒಂದು ವೈರು, ಉದಾಹರಣೆಗೆ ಹಿಂದಿನ ದೀಪದ್ದು, ರಿಲೇಯ ಸುರುಳಿಗೆ ಸಾಕು. ಸುರುಳಿ ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಭಾಗದಷ್ಟು. ದೊಡ್ಡ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ, ರಿಲೇ ಮೂಲಕ ಸಾಕೆಟ್ಟಿಗೆ ಹೋಗುತ್ತದೆ. ಕೀ ಸ್ವಿಚ್ಚಿನ ಪುಟ್ಟ ಸಂಪರ್ಕಗಳಿಗೆ ಹೊರೆ ಬೀಳುವುದಿಲ್ಲ. ಒಂದೇ ಕೊರತೆ ಅಂದರೆ, ಮನೆಯಲ್ಲಿ ನಿಂತ ಬೈಕಿಗೆ ಸಾಕೆಟ್ ಮೂಲಕವೇ ಚಾರ್ಜರ್ ಹಾಕುವ ಅನುಕೂಲ ತಪ್ಪುತ್ತದೆ.

ಸಾಕೆಟ್ಟಿನಲ್ಲಿ ಎರಡು ಬಗೆ ಹೆಚ್ಚು ಕಾಣುತ್ತವೆ. ಕಾರಿನಲ್ಲಿರುವ ದೊಡ್ಡ ತೂತಿನದು ಮೂಲತಃ ಸಿಗರೇಟ್ ಹೊತ್ತಿಸಲು ಮಾಡಿದ್ದು. ಬೈಕಿನ ನಡುಕಕ್ಕೆ ಅದರಿಂದ ಪ್ಲಗ್ ಜಾರಿ ಹೊರಬರುತ್ತದೆ. ಇನ್ನೊಂದು ಸಣ್ಣ ತೂತಿನದು, ಪ್ಲಗ್ಗನ್ನು ಬಿಗಿಯಾಗಿ ಹಿಡಿಯುತ್ತದೆ. ನನಗೆ ಎರಡನೆಯದೇ ಇಷ್ಟ. ಎರಡರಲ್ಲೂ ನಡುವಿನ ಪಿನ್ ಪ್ಲಸ್, ಸುತ್ತಲಿನ ಲೋಹ ಮೈನಸ್. ತಿರುಗುಮುರುಗಾದರೆ ಲೋಹದ ಹ್ಯಾಂಡಲ್ಲಿಗೆ ತಾಗಿದ ಕೂಡಲೇ ಶಾರ್ಟ್. ಮುಚ್ಚಳ ಇರಲೇಬೇಕು. ನೀರು ನಿಂತ ಸಾಕೆಟ್ಟಿನಲ್ಲಿ ಕರೆಂಟು ಇದ್ದರೆ ಪ್ಲಸ್ ಕಡೆಯ ಲೋಹ ಬೇಗ ಕೊರೆದುಹೋಗುತ್ತದೆ. ರಿಲೇ ಇದ್ದರೆ, ಬೈಕು ಮಳೆಯಲ್ಲಿ ನಿಂತಾಗ ಈ ಕಾಟವೂ ತಪ್ಪುತ್ತದೆ.

ವೈರಿನ ಜೋಡಣೆಗೆ ಬೆಸುಗೆಗಿಂತ ಒಳ್ಳೆಯ ಕ್ರಿಂಪ್, ಅಂದರೆ ಲೋಹದ ತುಂಡನ್ನು ವೈರಿನ ಮೇಲೆ ಒತ್ತಿ ಬಿಗಿಯುವುದು, ಮೇಲು. ಬೆಸುಗೆಯ ಸೀಸ ಎಳೆಗಳ ನಡುವೆ ಏರಿ ವೈರನ್ನು ಗಟ್ಟಿ ಮಾಡುತ್ತದೆ. ಆ ಗಟ್ಟಿ ಭಾಗ ಮುಗಿಯುವಲ್ಲೇ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಲ್ಲೂ ಬಿಗಿಯಾಗುವುದಿಲ್ಲ, ಸಿಕ್ಕಿಕೊಳ್ಳುವುದಿಲ್ಲ ಅಂತ ನೋಡಿ.

ಕೆಲಸಕ್ಕೆ ಕೈಹಾಕುವಾಗ ಮೊದಲು ಬಿಚ್ಚಬೇಕಾದ್ದು ಬ್ಯಾಟರಿಯ ಮೈನಸ್. ಆಗ ಸ್ಪ್ಯಾನರ್ ಚಾಸಿಗೆ ತಾಗಿದರೂ ಏನೂ ಆಗುವುದಿಲ್ಲ, ಎರಡೂ ಮೈನಸ್ಸೇ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ, ಆ 230 ಆಂಪಿಯರಿಗಿಂತಲೂ ಜಾಸ್ತಿ ಕರೆಂಟು ಹರಿಯುವುದು ಸ್ಪ್ಯಾನರಿನ ಮೂಲಕ. ಮತ್ತೆ ಕೂಡಿಸುವಾಗ ಪ್ಲಸ್ ಮೊದಲು, ಆಮೇಲೆ ಮೈನಸ್. ಫ್ಯೂಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ.